ಜವರ ಹುದುಗು ಬೆಳೆಸಿದ್ದು

ದುಂಡಮ್ಮನಿಗೆ ಇದ್ದದ್ದು ಒಬ್ಬನೇ ಮಗ, ಜವರ. ಆ ಒಬ್ಬನೇ ಹತ್ತು ಮಕ್ಕಳಷ್ಟು ಗೋಳು ಹುಯ್ದುಕೊಳ್ಳುತ್ತಿದ್ದ. ತಾಯಿ ಹೇಳಿದ ಮಾತನ್ನು ಒಂದು ದಿನವೂ ಮೀರಿದವನಲ್ಲ. ಅವಳ ಕರ್ಮವೇ ಅದು.

ಆ ವರ್ಷ ರಾಗಿ ಕುಯ್ಲು ಮುಗಿದು ಒಕ್ಕಣೆ ಬಾಕಿಯಿತ್ತು. ಗಂಡ ತೀರಿಕೊಂಡ ಮನೆ, ಕಣಕ್ಕಿಳಿಯಲು ಆಳಿಲ್ಲ. ಊರಿನವರು, "ನಾವು ಬಂದು ಒಕ್ಕಿಕೊಡ್ತೀವಿ, ನಿನ್ನ ಕೈಯ ರಾಗಿ ಹೆಂಡ ಒಂದು ಗುಡಾಣ ಇರಲಿ" ಅಂದಿದ್ದರು. ಹೆಂಡಕ್ಕೆ ಹುದುಗು ಬೇಕು. ದುಂಡಮ್ಮನ ಹತ್ತಿರ ತವರಿಂದ ತಂದ ಹುದುಗಿನ ಒಣಬಿಲ್ಲೆ ಮೂರೇ ಮೂರು. ಒಂದು ಬಿಲ್ಲೆಯನ್ನು ಮೊದಲು ಕುಡಿಕೆ ಗಂಜಿಯಲ್ಲಿ ಬೆಳೆಸಬೇಕು, ನೊರೆ ಎದ್ದ ಮೇಲೆ ಗುಡಾಣಕ್ಕೆ ಸುರಿಯಬೇಕು.

"ಲೋ ಜವರ, ನಾನು ಸೌದೆ ತರ್ತೀನಿ. ಒಲೆ ಮೇಲೆ ಗಂಜಿ ಐತೆ, ಬಿಲ್ಲೆ ಪುಡಿ ಮಾಡಿ ಹಾಕು."

ಹಾಕಿದ. ಗಂಜಿ ಕೊತಕೊತ ಕುದಿಯುತ್ತಿತ್ತು. ಹುದುಗು ಅಲ್ಲೇ ಸತ್ತಿತು.

ದುಂಡಮ್ಮ ಬಂದು ನೋಡಿ ಸೌದೆಹೊರೆಯನ್ನು ನೆಲಕ್ಕೆ ಕುಕ್ಕಿದಳು. "ಅದು ಜೀವ ಇರೋ ವಸ್ತು ಕಣ್ಲಾ, ಮುಠ್ಠಾಳ. ತಣ್ಣಗೆ ಮಾಡಿ ಹಾಕಬೇಕು, ತಣ್ಣಗೆ."

"ಆಗಲಿ ಅವ್ವ."

ಮಾರನೆಯ ದಿನ ಎರಡನೆಯ ಬಿಲ್ಲೆ. ಜವರ ಗಂಜಿ ಆರಿಸಿದ, ಬಿಲ್ಲೆ ಹಾಕಿದ, ಕುಡಿಕೆಯನ್ನು ಹೊತ್ತುಕೊಂಡು ಹೋಗಿ ಹಳ್ಳದ ಮಡುವಿನಲ್ಲಿ ಕತ್ತಿನವರೆಗೆ ಮುಳುಗಿಸಿಟ್ಟ. ಮಾರ್ಗಶಿರದ ಚಳಿ. ನೊರೆ ಏಳಲಿಲ್ಲ, ಗಂಜಿ ಹಳಸಿ ನಾರಿತು.

ದುಂಡಮ್ಮ ಪೊರಕೆ ಹಿಡಿದು ಅಂಗಳದ ತುಂಬ ಅಟ್ಟಾಡಿಸಿದಳು. "ನನ್ನ ಹೊಟ್ಟೇಲಿ ಯಾಕೆ ಹುಟ್ಟಿದೆಯೋ. ಎಳೇ ಮಗೂನ ನೋಡಿಕೊಂಡಂಗೆ ನೋಡ್ಕೊ. ಬೆಚ್ಚಗೆ ಹೊದಿಸು. ಹಸಿದರೆ ಬೆಲ್ಲ ಕೊಡು."

"ಆಗಲಿ ಅವ್ವ."

ಉಳಿದದ್ದು ಒಂದೇ ಬಿಲ್ಲೆ. ಈ ಸಲ ಗಂಜಿ ಆರಿಸಿ ಅದನ್ನು ಅವಳೇ ಹಾಕಿದಳು. ಜವರ ಕುಡಿಕೆಗೆ ಕಂಬಳಿ ಹೊದಿಸಿದ, ಬೆಲ್ಲದ ನೀರು ಉಣಿಸಿದ, ಪಕ್ಕದಲ್ಲೇ ಕೂತು ಜೋಗುಳ ಹಾಡಿದ. ನೊರೆ ಬುಸಬುಸನೆ ಬಾಯಿವರೆಗೆ ಎದ್ದಿತು. ದುಂಡಮ್ಮನಿಗೆ ಮಗನ ತಲೆ ಸವರುವಷ್ಟು ಸಮಾಧಾನವಾಯಿತು. ಗುಡಾಣದ ತುಂಬ ಗಂಜಿ ಮಾಡಿ ಆರಲು ಬಿಟ್ಟಳು.

"ಊರಿನವರಿಗೆ ಹೇಳಿ ಬರ್ತೀನಿ. ಹುದುಗು ಬೆಳೆದೈತೆ, ಇನ್ನು ಕುಡಿಕೆ ಸಾಲದು. ದೊಡ್ಡದಕ್ಕೆ ಸುರಿ. ಸುರಿದು ಬೆಚ್ಚಗೆ ಹೊದಿಸು."

"ಆಗಲಿ ಅವ್ವ."

ಸಂಜೆ ನಾಲ್ಕಾರು ಜನರನ್ನು ಕರೆದುಕೊಂಡು ಅವಳು ಮನೆಗೆ ಬಂದಳು. ಗುಡಾಣದಲ್ಲಿ ಗಂಜಿ ಇದ್ದ ಹಾಗೇ ಇದೆ. ಕುಡಿಕೆಯಿಲ್ಲ, ಬೆಲ್ಲದ ಅಚ್ಚುಗಳಿಲ್ಲ, ಜವರನೂ ಇಲ್ಲ.

"ನಿನ್ನ ಮಗ ನಮ್ಮನೆಗೆ ಬಂದಿದ್ದ," ಅಂದಳು ನೆರೆಮನೆಯ ಕೆಂಚಮ್ಮ. "ಅವ್ವನ ಹೆಂಡಕ್ಕೆ ಬೇಕು ಅಂತ ಕಂಬಳಿ ಇಸ್ಕೊಂಡು ಹೋದ."

"ನಮ್ಮದನ್ನೂ ಇಸ್ಕೊಂಡ," ಅಂದ ಇನ್ನೊಬ್ಬ. ಎಲ್ಲರ ಮನೆಯದನ್ನೂ ಇಸಿದುಕೊಂಡಿದ್ದ.

ದುಂಡಮ್ಮ ಒನಕೆ ಎತ್ತಿಕೊಂಡು ಬೀದಿಗಿಳಿದಳು. ಹಿಂದೆ ಊರು.

ಜವರ ಕೆರೆಯಲ್ಲಿದ್ದ. ಏರಿಯ ಮೇಲೆ ಖಾಲಿ ಕುಡಿಕೆ ಬಿದ್ದಿತ್ತು. ನೀರಿನ ಮೇಲೆ ಊರಿನ ಕಂಬಳಿಗಳೆಲ್ಲ ಒಂದೊಂದಾಗಿ ನೆನೆದು ಮುಳುಗುತ್ತಿದ್ದವು. ಸೊಂಟದವರೆಗಿನ ನೀರಲ್ಲಿ ನಿಂತು, ಹಲ್ಲು ಕಟಕಟಿಸುತ್ತ, ಕೊನೆಯ ಕಂಬಳಿಯನ್ನು ಹರಡುತ್ತಿದ್ದ. ಒನಕೆ ಹಿಡಿದ ತಾಯಿಯನ್ನು ನೋಡಿ ಅವನ ಮುಖ ಅರಳಿತು.

"ಸದ್ಯ ಬಂದ್ಯಲ್ಲ ಅವ್ವ. ಆ ಕಡೆ ತುದಿ ಹಿಡ್ಕೊ. ಕಾಲಿಗೆ ಹೊದಿಸಿದರೆ ತಲೆಗೆ ಸಾಲ್ತಿಲ್ಲ."