ಗೆರೆ ದಾಟಿದ ಮಲ್ಲರಸ

“ಕಾಯಿಲೆ ಅಂದರೆ ಏನು ಅಂತ ಈ ಮೈಗೆ ಗೊತ್ತೇ ಇಲ್ಲ, ಪ್ರಭೂ!” ಜವಳಿ ವ್ಯಾಪಾರಿ ಮಲ್ಲರಸ ತುಂಬಿದ ಸಭೆಯಲ್ಲಿ ಎದೆ ತಟ್ಟಿಕೊಂಡ. “ನಮ್ಮಪ್ಪ ಹಲ್ಲುದುರುವವರೆಗೆ ಬದುಕಿದ, ಒಂದು ತೊಟ್ಟು ಕಷಾಯ ಕುಡಿಯಲಿಲ್ಲ. ಅಂಥವನ ಮಗ ನಾನು ಕಂಡಕಂಡವರ ಕೆಮ್ಮಿಗೆಲ್ಲ ರಾಗಿ ಅಳೆದುಕೊಡಬೇಕೆ?”

ಹಿಂದೆ ನಿಂತಿದ್ದ ಸಿರಿವಂತರೆಲ್ಲ ಹೌದು ಹೌದೆಂದು ತಲೆಯಾಡಿಸಿದರು.

ಆ ಸೀಮೆಯಲ್ಲಿ ಒಂದು ಪದ್ಧತಿ ಇತ್ತು. ಸುಗ್ಗಿ ಮುಗಿದ ಮೇಲೆ ಪ್ರತಿ ಮನೆಯವರೂ ವರಮಾನದಲ್ಲಿ ನೂರಕ್ಕೆ ಒಂದು ಪಾಲನ್ನು ಮದ್ದಿನ ಮನೆಯ ಕಣಜಕ್ಕೆ ಸುರಿಯಬೇಕು. ಹಾಗೆ ಸುರಿದವರು ಕಾಯಿಲೆ ಬಿದ್ದರೆ ಮದ್ದು, ಗಂಜಿ, ಆರೈಕೆ ಎಲ್ಲ ಪುಕ್ಕಟೆ.

ವೈದ್ಯ ಚಂದ್ರಯ್ಯ ಪಂಡಿತರು ಕೈಮುಗಿದರು. “ಪ್ರಭೂ, ಕಣಜ ಆಗಲೇ ತಳ ಕಂಡಿದೆ. ಇವರೂ ಕೈಬಿಟ್ಟರೆ ಬಾಗಿಲು ಹಾಕಬೇಕಾಗುತ್ತದೆ. ಬುಟ್ಟಿ ಹೆಣೆಯುವ ನಿಂಗವ್ವ ಸೊಂಟ ಮುರಿದುಕೊಂಡು ಅಲ್ಲೇ ಮಲಗಿದ್ದಾಳೆ. ಅವಳನ್ನು ಎಲ್ಲಿಗೆ ಕಳಿಸಲಿ?”

ಆಸ್ಥಾನದ ವಿದೂಷಕ ಸಂಕಣ್ಣ ಅದೇ ಬೆಳಿಗ್ಗೆ ನಿಂಗವ್ವನನ್ನು ನೋಡಿ ಬಂದಿದ್ದ. “ನನ್ನನ್ನ ಹೊರಗೆ ಹಾಕ್ತಾರಂತಲ್ಲಪ್ಪ, ನಿಜವಾ?” ಎಂದು ಕೇಳಿದ್ದಳು. ಅವಳ ಹೊದಿಕೆ ಸರಿಮಾಡಿ ನೇರ ಸಭೆಗೆ ಬಂದಿದ್ದ. ಈಗ ಮಲ್ಲರಸನ ಮಾತು ಕೇಳಿ ಅವನಿಗೆ ಸಿಟ್ಟು ಬಂತು. ಅರಸ ಬೊಮ್ಮನಾಯಕ ಒಳ್ಳೆಯವನೇ. ಆದರೆ ಕೊನೆಗೆ ಯಾರು ಮಾತಾಡುತ್ತಾರೋ ಅವರ ಮಾತೇ ಅವನಿಗೆ ಸರಿ ಎನಿಸುತ್ತಿತ್ತು. ಸಂಕಣ್ಣ ಎಲ್ಲರ ಮಾತೂ ಮುಗಿಯಲೆಂದು ಕಾದ.

“ಪ್ರಭೂ, ಮಲ್ಲರಸರು ಹೇಳುವುದು ಸರಿ,” ಎಂದ.

ಪಂಡಿತರು ಅವನನ್ನು ನುಂಗುವಂತೆ ನೋಡಿದರು.

“ಆದರೆ ಎಲ್ಲರೂ ಬಿಟ್ಟುಹೋಗುವ ಹಾಗಿಲ್ಲ. ಒಂದು ಗೆರೆ ಎಳೆಯೋಣ. ವರ್ಷಕ್ಕೆ ನೂರು ಖಂಡುಗ ಧಾನ್ಯಕ್ಕಿಂತ ಹೆಚ್ಚು ವರಮಾನ ಇದ್ದವರು ಕಣಜದ ಒಳಗಾದರೂ ಇರಲಿ, ಹೊರಗಾದರೂ ಹೋಗಲಿ, ಅವರಿಷ್ಟ. ಗೆರೆಯ ಕೆಳಗಿನವರಿಗೆ ಆ ಮಾತೇ ಇಲ್ಲ, ಸುರಿಯಲೇಬೇಕು. ಹೊರಗೆ ಹೋಗುವವರು ತಮ್ಮ ವರಮಾನ ಎಷ್ಟೆಂದು ಸಭೆಯಲ್ಲಿ ತಮ್ಮ ಬಾಯಿಂದಲೇ ಹೇಳಲಿ.”

“ಭೇಷ್!” ಎಂದ ಅರಸ. ಮಲ್ಲರಸ ಮೀಸೆಯಡಿಯಲ್ಲೇ ನಕ್ಕ.

ಮುಂದಿನ ಸೋಮವಾರ ಮತ್ತೆ ಸಭೆ ಸೇರಿತು. ಮಲ್ಲರಸ ಬಂದಾಗ ಜನಕ್ಕೆ ಗುರುತೇ ಹತ್ತಲಿಲ್ಲ. ಪ್ರತಿ ವರ್ಷ ಕಂದಾಯದ ಕಾಲಕ್ಕೆ ಅವನು ತೇಪೆ ಹಾಕಿದ ಪಂಚೆ ಉಟ್ಟು, “ನಮ್ಮನೆ ಇಲಿಗಳಿಗೂ ಉಪವಾಸ, ಸ್ವಾಮಿ,” ಎಂದು ಮೂಗು ಸುರಿಸಿ ಹೋಗುತ್ತಿದ್ದ. ಇವತ್ತು ಜರಿಪೇಟ, ರೇಷ್ಮೆ ಶಲ್ಯ, ಬೆರಳಿಗೊಂದು ಉಂಗುರ! ಕಂದಾಯದ ಚಾವಡಿಯೇ ಬೇರೆ, ಮದ್ದಿನ ಮನೆಯೇ ಬೇರೆ, ಇಲ್ಲಿ ಆಡಿದ್ದು ಅಲ್ಲಿಗೇಕೆ ಮುಟ್ಟೀತು ಎಂಬುದು ಅವನ ಲೆಕ್ಕಾಚಾರ.

“ನನ್ನ ವರಮಾನ ನೂರಿಪ್ಪತ್ತು ಖಂಡುಗ,” ಎಂದ, ಗೆರೆ ದಾಟುವಷ್ಟೇ ಹೇಳಿದರೆ ಸಾಕೆಂದು.

ಸಂಕಣ್ಣ ಲೊಚಗುಟ್ಟಿದ. “ಪ್ರಭೂ, ನಂಬಬೇಡಿ. ಪಾಪ, ಬಡವರು. ಆ ಶಲ್ಯ ಯಾರದ್ದೋ ಕಡ ತಂದ ಹಾಗಿದೆ.”

“ಕಡವೆ? ನನ್ನ ಅಂಗಡಿಯದು!”

“ಆ ಅಂಗಡಿ ಬಾಡಿಗೆಯದಲ್ಲವೆ?”

“ಬಾಡಿಗೆಯೆ? ಆ ಬೀದಿಯೇ ನನ್ನದು!”

“ಇರಬಹುದು. ಆದರೂ ನೂರಿಪ್ಪತ್ತು ನನಗೇಕೋ ಜಾಸ್ತಿ ಎನಿಸುತ್ತದೆ.”

ಸಭೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮಲ್ಲರಸನಿಗೆ ರೇಗಿತು. “ಸಾವಿರ ಖಂಡುಗ, ಕೇಳಿಸಿತೆ? ಹೋದ ವರ್ಷವೂ ಸಾವಿರ, ಅದರ ಹಿಂದಿನ ವರ್ಷವೂ ಸಾವಿರ! ಕುಲದೇವರ ಮೇಲೆ ಆಣೆ!”

“ಅಷ್ಟು ಸಾಕು,” ಎಂದು ಸಂಕಣ್ಣ ಅರಸನ ಕಡೆ ತಿರುಗಿದ. “ಪ್ರಭೂ, ಇವರು ಖಂಡಿತ ಗೆರೆಯ ಮೇಲಿನವರು. ಆದರೆ ಇಷ್ಟು ವರ್ಷ ನಲವತ್ತು ಖಂಡುಗಕ್ಕೆ ಮಾತ್ರ ಕಂದಾಯ ಕಟ್ಟುತ್ತಿದ್ದರಲ್ಲ, ಪಾಪ, ಮರೆವು ಇರಬೇಕು. ಬಾಕಿಯನ್ನು ಇವತ್ತೇ ಕಟ್ಟಿಸಿಕೊಂಡರೆ ಅವರ ಮನಸ್ಸಿಗೂ ನೆಮ್ಮದಿ.”

ಮಲ್ಲರಸನ ಮುಖ ಬೆಳ್ಳಗಾಯಿತು. “ಇಲ್ಲ ಪ್ರಭೂ! ಸಿಟ್ಟಿನಲ್ಲಿ ಬಾಯಿ ಜಾರಿತು. ನಾನು ಬಡವ!”

“ಹಾಗಾದರೆ ಗೆರೆಯ ಕೆಳಗೆ ಬಂದಿರಿ. ಕಣಜಕ್ಕೆ ಸುರಿಯಿರಿ. ಕುಲದೇವರ ಮೇಲಿನ ಸುಳ್ಳಾಣೆಗೆ ದಂಡವನ್ನೂ ಕಟ್ಟಿರಿ.”

“ಕಂದಾಯಕ್ಕೆ ಬಡವ, ಕಣಜಕ್ಕೆ ಸಿರಿವಂತ... ಹಾಗೇನಾದರೂ...” ಎಂದು ಮಲ್ಲರಸ ತೊದಲಿದ.

“ಇನ್ನೊಂದು ದಾರಿ ಇದೆ,” ಎಂದ ಸಂಕಣ್ಣ. “ನೀವು ಸಿರಿವಂತರಾಗಿಯೇ ಇರಿ, ಕಣಜದ ಒಳಗೂ ಇರಿ. ಸಾವಿರದ ಪಾಲು ವರ್ಷವರ್ಷ ಮದ್ದಿನ ಮನೆಗೆ ಸುರಿದರೆ ಪ್ರಭುಗಳು ಹಳೆಯ ಬಾಕಿ ಬಿಟ್ಟಾರು.”

ಅರಸ ನಗು ತಡೆದುಕೊಂಡು ಆಗಲಿ ಎಂಬಂತೆ ಕೈಯಾಡಿಸಿದ. ಅತ್ತ ಬಾಕಿ, ಇತ್ತ ರಾಗಿ. ಎರಡನ್ನೂ ಮನಸ್ಸಿನಲ್ಲೇ ತೂಗುತ್ತ ತೂಗುತ್ತ ಮಲ್ಲರಸ ಬೆವತ, ನಡುಗಿದ, ಕಣ್ಣು ಕತ್ತಲಿಟ್ಟು ದೊಪ್ಪನೆ ಬಿದ್ದ.

ಪಂಡಿತರು ಮದ್ದಿನ ಚೀಲ ಹಿಡಿದು ಓಡಿಬಂದರು. ಸಂಕಣ್ಣ ಅಡ್ಡ ನಿಂತ.

“ಪಂಡಿತರೇ, ತಡೆಯಿರಿ! ಇವರು ಕಣಜದ ಒಳಗಿನವರೋ ಹೊರಗಿನವರೋ ಇನ್ನೂ ತೀರ್ಮಾನವಾಗಿಲ್ಲ!”

ಮುಚ್ಚಿದ ಕಣ್ಣು ತೆರೆಯದೆಯೇ ಮಲ್ಲರಸ ನರಳಿದ: “ಒಳಗೆ... ನಾನು ಒಳಗೆ!”

ಇಡೀ ಸಭೆ ಬಿದ್ದು ಬಿದ್ದು ನಕ್ಕಿತು. ಜರಿಪೇಟ ಸುತ್ತಿಕೊಂಡು ಸರದಿಗೆ ಕಾಯುತ್ತಿದ್ದ ಉಳಿದ ಸಿರಿವಂತರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ನಾವೂ ಒಳಗೇ ಎಂದು ಗೊಣಗುತ್ತ ಮೆಲ್ಲಗೆ ಜಾಗ ಖಾಲಿ ಮಾಡಿದರು. ಸಂಜೆಯ ಹೊತ್ತಿಗೆ ಕಣಜದ ಮುಂದೆ ಗಾಡಿಗಳು ನಿಂತವು. ನಿಂಗವ್ವನಿಗೆ ಯಾರೂ ಏಳು ಎನ್ನಲಿಲ್ಲ; ಪಂಡಿತರು ಅವಳ ಸೊಂಟಕ್ಕೆ ಹೊಸದಾಗಿ ಎಣ್ಣೆ ಕಾಯಿಸಿದರು.

ನಕ್ಕು ನಕ್ಕು ಕಣ್ಣೊರೆಸಿಕೊಂಡ ಅರಸ ಕೇಳಿದ: “ಸಂಕಣ್ಣ, ಐವತ್ತು ಖಂಡುಗ ಬೆಳೆಯುವ ಗದ್ದೆ ಬರೆದುಕೊಡಲೇನೋ?”

“ಬೇಡ ಪ್ರಭೂ, ಒಂದು ಜೋಡಿ ಪಂಚೆ ಸಾಕು. ನನ್ನ ವರಮಾನ ಈಗ ಗೆರೆಯ ಹತ್ತಿರ ಹತ್ತಿರದಲ್ಲಿದೆ. ದಾಟಿಬಿಟ್ಟರೆ ನಾಳೆ ನಾನೂ ನಿಮ್ಮ ಮುಂದೆ ಎದೆ ತಟ್ಟಿಕೊಂಡು, ಕಾಯಿಲೆ ಅಂದರೆ ಏನು ಅಂತ ಕೇಳಿಯೇನು!”