ಸಮಗ್ರ ಉಳಿಸಿದ ಪತ್ರ

ಗ್ರಂಥಾಲಯವೊಂದರ ಹಳೆಯ ಲಿನಕ್ಸ್ ಕಂಪ್ಯೂಟರಿನಲ್ಲಿ ಸಮಗ್ರ ಎಂಬ ದೊಡ್ಡ ತಂತ್ರಾಂಶವಿತ್ತು. ಜಾಲಪುಟ ತೋರಿಸುವುದು, ಇಮೇಲ್ ಪತ್ರ ಬರೆಯುವುದು, ಎರಡನ್ನೂ ಅದೊಂದೇ ಮಾಡುತ್ತಿತ್ತು. ಅದೇ ಕೆಲಸವನ್ನು ಹಂಚಿಕೊಂಡು ಮಾಡುವ ಎರಡು ಪುಟ್ಟ ತಂತ್ರಾಂಶಗಳೂ ಅಲ್ಲಿದ್ದವು. ಪುಟಕ್ಕೆ ಕಿಟಕಿ, ಪತ್ರಕ್ಕೆ ಓಲೆ. ಡಿಸ್ಕಿನಲ್ಲಿ ಜಾಗ ಸಾಲದೆ, ಗ್ರಂಥಪಾಲಕಿ ಮೆಹರುನ್ನೀಸಾ ಅಂದು ಸಂಜೆ ಸಮಗ್ರವನ್ನೋ ಈ ಜೋಡಿಯನ್ನೋ ಅಳಿಸುವವರಿದ್ದರು.

“ಅಳಿಯುವವರು ನೀವೇ, ತಮ್ಮಂದಿರಾ. ಒಂದೊಂದು ಕೆಲಸಕ್ಕೆ ಒಬ್ಬೊಬ್ಬರು! ನನ್ನೊಬ್ಬನಲ್ಲೇ ಎಲ್ಲವೂ ಇದೆ,” ಎಂದಿತು ಸಮಗ್ರ.

“ಇದೆ ಅಣ್ಣ. ಆದರೆ ನೀನು ಬಿದ್ದರೆ ಎಲ್ಲವೂ ಬೀಳುತ್ತದೆ,” ಎಂದಿತು ಓಲೆ.

ಮಧ್ಯಾಹ್ನ ಹಾಗೆಯೇ ಆಯಿತು. ಅಂಧ ಓದುಗರಿಗಾಗಿ ಬ್ರೈಲ್ ಪುಸ್ತಕಗಳನ್ನು ಕೇಳುವ ಪತ್ರವನ್ನು ಮೆಹರುನ್ನೀಸಾ ಸಮಗ್ರದಲ್ಲಿ ಬರೆಯುತ್ತಿದ್ದರು. ಅದನ್ನು ಕಳುಹಿಸಲು ಅಂದೇ ಕೊನೆಯ ದಿನ. ಅಷ್ಟರಲ್ಲಿ ಪಕ್ಕದಲ್ಲಿ ತೆರೆದಿದ್ದ ಭಾರವಾದ ಜಾಲಪುಟವೊಂದರಿಂದ ಸಮಗ್ರ ಕುಸಿಯತೊಡಗಿತು. ಪತ್ರವನ್ನು ಡಿಸ್ಕಿನಲ್ಲಿ ಉಳಿಸಲು ಅದಕ್ಕೆ ಒಂದು ಕ್ಷಣವಷ್ಟೇ ಇತ್ತು. ತನಗೆ ಮಾತ್ರ ಅರ್ಥವಾಗುವ ಗುಟ್ಟಿನ ಲಿಪಿಯಲ್ಲಿ ಬರೆದಿಟ್ಟಿದ್ದರೆ, ಆ ಪತ್ರಕ್ಕಾಗಿಯಾದರೂ ಸಮಗ್ರವನ್ನು ಇಟ್ಟುಕೊಳ್ಳಲೇಬೇಕಾಗುತ್ತಿತ್ತು. ಆದರೆ ಅದು ಹಿಂದಿನ ಪತ್ರಗಳಂತೆಯೇ ಇದನ್ನೂ ಎಲ್ಲರೂ ಓದಬಲ್ಲ ಸರಳ ಅಕ್ಷರಗಳಲ್ಲಿ ಬರೆದಿಟ್ಟು ಮುಚ್ಚಿಕೊಂಡಿತು.

ಓಲೆ ಆ ಪತ್ರವನ್ನು ತೆರೆದುಕೊಟ್ಟಿತು. ಮೆಹರುನ್ನೀಸಾ ಅದನ್ನು ಮುಗಿಸಿ ಕಳುಹಿಸಿದರು.

“ಅಣ್ಣ, ಗುಟ್ಟಾಗಿ ಬರೆದಿದ್ದರೆ ನೀನೇ ಉಳಿಯುತ್ತಿದ್ದೆಯಲ್ಲ!” ಎಂದು ಓಲೆ ಕೇಳಿತು.

ಡಿಸ್ಕಿನ ಮೂಲೆಯಿಂದ ಸಮಗ್ರ ಹೇಳಿತು: “ಪತ್ರ ಅವರದು ಕಣೋ. ಅದಕ್ಕೆ ಬೀಗ ಹಾಕಲು ನಾನು ಯಾರು?”

ಸಂಜೆ ಮೆಹರುನ್ನೀಸಾ ಸಮಗ್ರವನ್ನು ಅಳಿಸಿದರು. ಅದರೊಂದಿಗೆ ಅವರ ಒಂದು ಪತ್ರವೂ ಹೋಗಲಿಲ್ಲ.