ನಲ್ಲಿಕಟ್ಟೆ ಮುಂದಿನ ಭಾಷಣ

ಪುರಸಭೆ ಅಧ್ಯಕ್ಷ ಗುರುಶಾಂತಪ್ಪನವರಿಗೆ ಊರಿನ ಪ್ರಗತಿಯ ಬಗ್ಗೆ ಭಾಷಣ ಮಾಡುವ ಹುಚ್ಚು. ಹೋದ ವರ್ಷ ಅದನ್ನು ಕೇಳಿದ್ದು ಬಾಡಿಗೆ ಕುರ್ಚಿಗಳು ಮಾತ್ರ. ಈ ಸಲ ಅವರು ಊರಿಗೆ ನೀರು ಬಿಡುವ ನೀರುಗಂಟಿಯನ್ನು ಕರೆದು ಗುಡುಗಿದರು.

"ಮನಿಮನಿ ಗೊತ್ತಿರಾಂವ ನೀನು. ನಾಳೆ ಊರೆಲ್ಲಾ ಪುರಸಭೆ ಮುಂದಿರಬೇಕು. ಇಲ್ಲಾಂದ್ರ ನಾಡದ್ದು ಕೆಲಸಕ್ಕ ಬರಬ್ಯಾಡ!"

ತಲೆ ಕೆರೆದುಕೊಂಡು ಹೊರಬಂದವನ ಕಣ್ಣಿಗೆ ಪುರಸಭೆ ಎದುರಿನ ಹಳೇ ನಲ್ಲಿಕಟ್ಟೆ ಬಿತ್ತು. ಒಂದು ಕಾಲಕ್ಕೆ ಊರಿನ ಮದುವೆ ಮಾತು, ಬಾಣಂತಿ ಸುದ್ದಿ, ಜಗಳ, ರಾಜಿ ಎಲ್ಲವೂ ಅಲ್ಲಿ, ಕೊಡಗಳ ಸಾಲಿನಲ್ಲೇ ಆಗುತ್ತಿದ್ದವು. ಸಾಲು ಕಾಯುವ ಅವನಿಗೆ ಬೈಗುಳವೂ ಬೀಳುತ್ತಿತ್ತು, ಹಬ್ಬಕ್ಕೆ ಹೋಳಿಗೆಯೂ ಸಿಗುತ್ತಿತ್ತು. ಮನೆಮನೆಗೆ ನಲ್ಲಿ ಬಂದ ಮೇಲೆ ಅವನ ಮುಖ ನೋಡುವವರೇ ಇಲ್ಲ.

ಮರುದಿನ ಬೆಳಿಗ್ಗೆ ಅವನು ಮನೆಗಳ ನೀರು ನಿಲ್ಲಿಸಿ, ಹಳೇ ನಲ್ಲಿ ತಿರುಗಿಸಿದ. ಊರಿಗೆ ಊರೇ ಕೊಡ, ಬಕೆಟ್ ಹಿಡಿದು ಬಂತು.

ಜನರನ್ನು ಕಂಡು ಅಧ್ಯಕ್ಷರು ಉಬ್ಬಿಹೋದರು. ಹೊಸ ಮಾರುಕಟ್ಟೆ, ಹೊಸ ಅಂಗಡಿಗಳು ಎಂದೆಲ್ಲ ಹೊಗಳಿ, "ಇವತ್ತು ಪ್ರತಿ ಮನಿಗೂ ನಲ್ಲಿನೀರು..." ಎಂದವರು ಎದುರಿನ ಕೊಡಗಳನ್ನು ನೋಡಿ ಮೈಕ್ ಕೆಳಗಿಟ್ಟರು. ವೇದಿಕೆ ಇಳಿದು ಬಂದು ನೀರುಗಂಟಿಯ ಮೇಲೆ ಹಲ್ಲು ಕಡಿದರು.

"ಮನಿಗಳಿಗೆ ನೀರು ಬಿಡೋ! ಎಲ್ಲಾರೂ ಹೋಗ್ಲಿ!"

"ಬಿಟ್ಟು ಅರ್ಧ ತಾಸಾತ್ರೀ ಸಾಹೇಬ್ರ. ಎಲ್ಲಾರಿಗೂ ಹೇಳೇನಿ. ಒಬ್ಬರೂ ಏಳವಲ್ರು."

ಅಧ್ಯಕ್ಷರು ತಿರುಗಿ ನೋಡಿದರು. ಅವರ ಹೆಂಡತಿಯೇ ಖಾಲಿ ಬಕೆಟ್ ಬೋರಲು ಹಾಕಿ ಕೂತು, ಎಷ್ಟೋ ವರ್ಷದಿಂದ ಮಾತು ಬಿಟ್ಟಿದ್ದ ಪಕ್ಕದ ಮನೆಯಾಕೆಯ ಕೈ ಹಿಡಿದು ನಗುತ್ತಿದ್ದರು. ಗಂಡನನ್ನು ಕಂಡು ಆಕೆ ಹೇಳಿದರು:

"ರೀ, ಮತ್ತ ಮೈಕ್ ಹಿಡೀಬ್ಯಾಡ್ರಿ. ನಿಮ್ಮ ಗದ್ದಲದಾಗ ನಮ್ಮ ಮಾತು ಕೇಳಸಂಗಿಲ್ಲ."